ನಾನು ಜೋಡಿಸಿದ ಅಕ್ಷರ ನನಗೆ ಮರಳಿ ಸಿಕ್ಕ ಬಗೆ

2018ರ ಶ್ರಾವಣ ಮಾಸದಲ್ಲಿ ನಿವೃತ್ತ ಮಾಸ್ತರರೊಬ್ಬರು ಗದಗಿನ ನನ್ನ ಡಿಟಿಪಿ ಅಂಗಡಿಗೆ ಬಂದು, ಹದಿನೈದು ವರ್ಷಗಳ ಹಿಂದೆ ನಾನೇ ಅಕ್ಷರ ಜೋಡಿಸಿ ಪುಟ ಕಟ್ಟಿಕೊಟ್ಟಿದ್ದ ತಮ್ಮ ಪುಸ್ತಕದ ಪ್ರತಿಯೊಂದನ್ನು ಮೇಜಿನ ಮೇಲಿಟ್ಟರು. ಎರೆಹೊಲದ ಒಕ್ಕಲುತನದಲ್ಲಿ ಬಳಕೆಯಾಗುವ ಪದಗಳನ್ನು ಹಳ್ಳಿ ಹಳ್ಳಿ ತಿರುಗಿ ಕೂಡಿಸಿ, ಅರ್ಥ ಬರೆದು, ಅಕಾರಾದಿಯಾಗಿ ಹೊಂದಿಸಿದ ಸಂಗ್ರಹ ಅದು. ಕೂರಿಗೆ, ಕುಂಟೆ, ರಂಟೆ, ಮೇಟಿ, ಹಂತಿ, ಹಗೇವು, ಬಣವೆ, ಬಾರಕೋಲು ಎಂಬಂಥ ಪದಗಳು ಅದರ ತುಂಬ ಇದ್ದವು. ಪುಟಗಳ ಅಂಚಿನಲ್ಲಿ ಅವರು ಪೆನ್ಸಿಲಿನಿಂದ ಹೊಸ ಪದಗಳನ್ನು ಗುರುತು ಮಾಡಿಕೊಂಡಿದ್ದರು. ಅದು ಸಾಲದೆ ಎರಡು ನೋಟ್‌ಬುಕ್ಕುಗಳು ಬೇರೆ ತುಂಬಿದ್ದವು. ಎರಡನೆಯ ಆವೃತ್ತಿ ತರಬೇಕು, ಹಳೆಯದು ನಿಮ್ಮ ಕಂಪ್ಯೂಟರಿನಲ್ಲಿ ಇದ್ದೇ ಇರುತ್ತದೆ, ಹೊಸದನ್ನು ಸೇರಿಸಿದರಾಯಿತು ಎಂದರು. ಹದಿನೈದು ದಿನ ಸಾಕು ಎಂದು ನಾನು ಮಾತು ಕೊಟ್ಟೆ. ಆ ಕೆಲಸ ಮುಗಿಯಲು ಎರಡೂವರೆ ವರ್ಷ ಹಿಡಿಯಿತು, ಮತ್ತು ಅದು ಮುಗಿಯುವ ಹೊತ್ತಿಗೆ ನಾನು ಕೆಲಸ ಮಾಡುವ ರೀತಿಯೇ ಬೇರೆಯಾಗಿತ್ತು. ನನ್ನಂತೆಯೇ ಅಲಮಾರಿನ ತುಂಬ ಹಳೆಯ ಸಿ.ಡಿ.ಗಳನ್ನು ಇಟ್ಟುಕೊಂಡಿರುವ ಅಕ್ಷರ ಜೋಡಣೆಗಾರರು ಊರೂರಿನಲ್ಲಿ ಇರುವುದರಿಂದ, ನಡೆದದ್ದನ್ನು ನಡೆದಂತೆ ಬರೆದಿಡುತ್ತಿದ್ದೇನೆ.

ಸಿ.ಡಿ. ಸಿಕ್ಕಿತು, ಓದಿಸಿಕೊಂಡಿತು, ಕಡತವೂ ಅದರಲ್ಲಿ ಸುರಕ್ಷಿತವಾಗಿತ್ತು. ಆದರೆ ಆ ಕಡತವನ್ನು ತೆರೆಯಬಲ್ಲ ಪುಟವಿನ್ಯಾಸದ ತಂತ್ರಾಂಶ ನನ್ನಲ್ಲಿ ಉಳಿದಿರಲಿಲ್ಲ. ಅದಿದ್ದ ಕಂಪ್ಯೂಟರ್ ಎಂದೋ ಸುಟ್ಟುಹೋಗಿತ್ತು. ಹೊಸ ಕಂಪ್ಯೂಟರಿನ ಮೇಲೆ ಅದು ಏಳಲೇ ಇಲ್ಲ. ತಯಾರಕರು ಅದನ್ನು ಕೈಬಿಟ್ಟು ಬಹಳ ಕಾಲವಾಗಿತ್ತು. ಅದರ ಬದಲಿಗೆ ಬಂದಿರುವ ತಂತ್ರಾಂಶವನ್ನು ಈಗ ಮಾರುವುದಿಲ್ಲ, ವರ್ಷ ವರ್ಷ ಬಾಡಿಗೆ ಕಟ್ಟಬೇಕು ಎಂದು ಮಾರಾಟಗಾರರು ತಿಳಿಸಿದರು, ಮತ್ತು ಅಷ್ಟು ಕಟ್ಟಿದರೂ ಈ ಹಳೆಯ ಕಡತ ಸರಿಯಾಗಿ ತೆರೆಯುತ್ತದೆ ಎಂಬ ಖಾತ್ರಿಯನ್ನು ಅವರು ಕೊಡಲಿಲ್ಲ. ಇಲ್ಲಿ ನಾನು ಒಂದು ಮಾತನ್ನು ಒಪ್ಪಿಕೊಳ್ಳಬೇಕು. 2003ರಲ್ಲಿ ನಾನು ಬಳಸಿದ್ದು ಹಣ ಕೊಟ್ಟು ಕೊಂಡ ಪ್ರತಿಯಲ್ಲ. ಆಗ ಕಂಪ್ಯೂಟರ್ ಜೋಡಿಸಿಕೊಟ್ಟವರೇ ಬೇಕಾದ ತಂತ್ರಾಂಶಗಳನ್ನೆಲ್ಲ ತುಂಬಿಸಿ ಕೊಡುತ್ತಿದ್ದರು, ಯಾರ ಅಪ್ಪಣೆಯಿಂದ ಎಂದು ನಾವು ಕೇಳುತ್ತಿರಲಿಲ್ಲ. ಕದ್ದ ಉಪಕರಣದಿಂದ ಕಟ್ಟಿದ ಕೆಲಸವನ್ನು ಮತ್ತೆ ತೆರೆದುಕೊಡಿ ಎಂದು ಯಾರ ಬಾಗಿಲಿಗೆ ಹೋಗುವ ಹಕ್ಕೂ ನನಗಿರಲಿಲ್ಲ. ಅಷ್ಟಾದರೂ, ಮೂರು ತಿಂಗಳು ಕೂತು ನನ್ನದೇ ಬೆರಳುಗಳಿಂದ ಒತ್ತಿದ ಅಕ್ಷರಗಳು ನನ್ನ ಕೈಯಲ್ಲೇ ಇದ್ದು ನನಗೆ ಕಾಣದಂತಾದದ್ದು ಆ ದಿನ ಬಹಳ ನೋವು ಕೊಟ್ಟಿತು.

ಈ ನೋವು ಪೂರ್ತಿ ಅರ್ಥವಾಗಬೇಕಾದರೆ ನಾನು ಕೆಲಸ ಕಲಿತ ಬಗೆಯನ್ನು ಸ್ವಲ್ಪ ಹೇಳಬೇಕು. ಗದಗ ಮುದ್ರಣಕ್ಕೆ ಹೆಸರಾದ ಊರು. ಹದಿನೇಳನೆಯ ವಯಸ್ಸಿನಲ್ಲಿ ನಾನು ಒಂದು ಮುದ್ರಣಾಲಯಕ್ಕೆ ಮೊಳೆ ಜೋಡಿಸಲು ಸೇರಿದೆ. ಸೀಸದ ಮೊಳೆಗಳ ಖಾನೆಗಳು ಎಲ್ಲೆಲ್ಲಿವೆ ಎಂಬುದು ಬೆರಳಿಗೇ ಗೊತ್ತಿರಬೇಕು, ಕಣ್ಣು ಹಸ್ತಪ್ರತಿಯ ಮೇಲೆ ಇರಬೇಕು, ಜೋಡಿಸಿದ ಸಾಲನ್ನು ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಓದಲು ಬರಬೇಕು. ಎರಡು ವರ್ಷ ಪಳಗಿದ ಮೇಲೆ ಆ ವಿದ್ಯೆ ನನ್ನದಾಯಿತು. ಯಾವ ಮುದ್ರಣಾಲಯಕ್ಕೆ ಹೋದರೂ ಅದು ನನ್ನ ಜೊತೆ ಬರುತ್ತಿತ್ತು. 1998ರಲ್ಲಿ ಕಂಪ್ಯೂಟರಿಗೆ ಬಂದಾಗ ಮೊದಲು ಸಿಕ್ಕಿದ್ದು, ಪ್ರಿಂಟರ್ ತಗುಲಿಸುವ ಕಿಂಡಿಗೆ ಒಂದು ಬೀಗದ ತುಂಡನ್ನು ಸಿಕ್ಕಿಸಿದರೆ ಮಾತ್ರ ಕನ್ನಡ ಅಕ್ಷರ ಮೂಡಿಸುವ ತಂತ್ರಾಂಶ. ನಾವು ಅದನ್ನು ಲಾಕ್ ಎಂದೇ ಕರೆಯುತ್ತಿದ್ದೆವು. ಒಂದು ಮಳೆಗಾಲದಲ್ಲಿ ಆ ತುಂಡು ಕೆಟ್ಟಿತು. ಬದಲಿ ಬರುವವರೆಗೆ ಒಂಬತ್ತು ದಿನ ಅಂಗಡಿಯಲ್ಲಿ ಒಂದು ಅಕ್ಷರವೂ ಮೂಡಲಿಲ್ಲ. ಮುಂದೆ ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶವನ್ನು ಸರ್ಕಾರ ಉಚಿತವಾಗಿ ಒದಗಿಸಿದಾಗ ಆ ಕಷ್ಟ ತಪ್ಪಿತು. ಅದರ ಕೀಲಿಮಣೆಗೆ ಮೂಲವಾದದ್ದು ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸ. ಉಚ್ಚಾರಕ್ಕೆ ತಕ್ಕಂತೆ ಇಂಗ್ಲಿಷ್ ಕೀಲಿಗಳ ಮೇಲೆಯೇ ಕನ್ನಡ ವರ್ಣಮಾಲೆಯನ್ನು ಹಾಸಿ, ಎಫ್ ಕೀಲಿಯಿಂದ ಒತ್ತಕ್ಷರ ಕಟ್ಟುವ ಆ ಕ್ರಮ ಖಾನೆಗಳ ಕ್ರಮದಷ್ಟೇ ಬೇಗ ನನ್ನ ಬೆರಳಿಗೆ ಇಳಿಯಿತು. 2003ರ ಪುಸ್ತಕವನ್ನು ಒತ್ತಿದ್ದು ಅದರಲ್ಲೇ.

ದಾರಿ ಕಾಣದೆ ಕೂತಿದ್ದಾಗ ಇಂಜಿನಿಯರಿಂಗ್ ಓದುತ್ತಿದ್ದ ನನ್ನ ಅಣ್ಣನ ಮಗ ವಿಂಡೋಸಿನ ಬದಲಿಗೆ ಕಂಪ್ಯೂಟರನ್ನು ನಡೆಸಬಲ್ಲ ಡೆಬಿಯನ್ ಗ್ನೂ/ಲಿನಕ್ಸ್ ಎಂಬ ಸ್ವತಂತ್ರ ತಂತ್ರಾಂಶವನ್ನು ಒಂದು ಪೆನ್‌ಡ್ರೈವಿನಲ್ಲಿ ತಂದು, ಅಂಗಡಿಯ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಹಳೆಯ ಕಂಪ್ಯೂಟರಿನ ಮೇಲೆ ಕೂರಿಸಿಕೊಟ್ಟ. ನನಗಿದ್ದ ಮೊದಲ ಅನುಮಾನ ಕೀಲಿಮಣೆಯದು. ಇಪ್ಪತ್ತು ವರ್ಷದ ಬೆರಳಿನ ಅಭ್ಯಾಸವನ್ನು ಬಿಟ್ಟು ಹೊಸದನ್ನು ಕಲಿಯುವ ಶಕ್ತಿ ನನಗಿಲ್ಲ ಎಂದು ಅವನಿಗೆ ಮೊದಲೇ ಹೇಳಿದ್ದೆ. ಐಬಸ್ ಎಂಬ ಲಿಪಿ ಒದಗಿಸುವ ವ್ಯವಸ್ಥೆಯಲ್ಲಿ ನುಡಿಯ ಅದೇ ವಿನ್ಯಾಸ, ಕನ್ನಡ ಗಣಕ ಪರಿಷತ್ತಿನ ಹೆಸರಿನಿಂದ ಕೆಜಿಪಿ ಎಂದು, ಪಟ್ಟಿಯಲ್ಲಿ ಸಿದ್ಧವಾಗಿತ್ತು. ಕ ಒತ್ತಿ, ಎಫ್ ಒತ್ತಿ, ಮತ್ತೆ ಕ ಒತ್ತಿದೆ; ಪರದೆಯ ಮೇಲೆ ‘ಕ್ಕ’ ಮೂಡಿತು. ಗುಬ್ಬಿ ಮತ್ತು ನವಿಲು ಎಂಬ ಎರಡು ಫಾಂಟುಗಳೂ ಡೆಬಿಯನ್ನಿನ ಭಂಡಾರದಿಂದಲೇ ಬಂದವು. ಅವನ್ನು ರೂಪಿಸಿ, ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು ಎಂದು ಬಿಟ್ಟುಕೊಟ್ಟವರು ಅರವಿಂದ ವಿ.ಕೆ. ಅವರು. ಅನ್ಯರ ಊರಿಗೆ ಹೋಗುತ್ತಿದ್ದೇನೆ ಎಂದು ಹೆದರಿದ್ದವನಿಗೆ ಅಲ್ಲಿ ನಮ್ಮವರೇ ಎದುರಾದಂತಾಯಿತು.

ಇನ್ನು ಕಡತದ ಮಾತು. ಬಳಕೆ ತಪ್ಪಿದ ಕಡತ ನಮೂನೆಗಳನ್ನು ಬಿಡಿಸಿ ಓದುವ ಕೆಲಸಕ್ಕಾಗಿ, ಲಿಬ್ರೆಆಫೀಸ್ ಎಂಬ ಕಚೇರಿ ಕೆಲಸದ ಸ್ವತಂತ್ರ ತಂತ್ರಾಂಶವನ್ನು ನಡೆಸುವ ಡಾಕ್ಯುಮೆಂಟ್ ಫೌಂಡೇಶನ್ 2014ರಲ್ಲಿ ಡಾಕ್ಯುಮೆಂಟ್ ಲಿಬರೇಶನ್ ಎಂಬ ಯೋಜನೆಯನ್ನು ಆರಂಭಿಸಿತ್ತು. ತಯಾರಕರು ಯಾವ ವಿವರವನ್ನೂ ಬಹಿರಂಗಪಡಿಸದ ಕಡತಗಳನ್ನು ಒಂದೊಂದೇ ಬೈಟಿನಂತೆ ಪರೀಕ್ಷಿಸಿ, ಯಾವ ಜಾಗದಲ್ಲಿ ಏನಿದೆ ಎಂದು ಊಹಿಸಿ, ಊಹೆಯನ್ನು ಪರೀಕ್ಷಿಸಿ, ಓದುವ ಸಾಧನ ಕಟ್ಟುವುದು ಅವರ ಕೆಲಸ. ಆ ಶ್ರಮದ ಫಲವಾಗಿ ಲಿಬ್ರೆಆಫೀಸಿನ ಚಿತ್ರ ಬಿಡಿಸುವ ಭಾಗವಾದ ಡ್ರಾ ನನ್ನ ಕಡತವನ್ನು ತೆರೆಯಿತು. ಪುಟದ ಚೌಕಟ್ಟುಗಳು ಜಾಗ ತಪ್ಪಿದ್ದವು, ಗೆರೆಗಳು ಕೆಲವು ಮಾಯವಾಗಿದ್ದವು, ಆದರೆ ಪಠ್ಯ ಇತ್ತು. ನನ್ನನ್ನು ಎಂದೂ ಕಾಣದವರು, ಕನ್ನಡ ಬಾರದವರು, ನನ್ನ ಊರಿನ ಮಾಸ್ತರರ ಪುಸ್ತಕವನ್ನು ಬೀಗದಿಂದ ಬಿಡಿಸಿಕೊಟ್ಟಿದ್ದರು. ನಾನು ಆ ದಿನ ಅಂಗಡಿಯ ಬಾಗಿಲು ಅರ್ಧ ಮುಚ್ಚಿ ಸುಮ್ಮನೆ ಕೂತುಬಿಟ್ಟೆ.

ಪಠ್ಯ ಇತ್ತು ಎಂದೆ. ಆದರೆ ಅದು ಕನ್ನಡವಾಗಿರಲಿಲ್ಲ. ಹಳೆಯ ಫಾಂಟುಗಳ ಗುಟ್ಟು ನನಗೆ ತಿಳಿದದ್ದು ಆಗಲೇ. ಆ ಕಾಲದ ಕಂಪ್ಯೂಟರುಗಳಿಗೆ ಇಂಗ್ಲಿಷ್ ಮತ್ತು ಯುರೋಪಿನ ಕೆಲವು ಭಾಷೆಗಳ ಅಕ್ಷರಗಳಷ್ಟೇ ಗೊತ್ತಿದ್ದುದರಿಂದ, ನಮ್ಮವರು ಆ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ್ದರು. ಪಿ ಇರಬೇಕಾದ ಜಾಗದಲ್ಲಿ ತಲೆಕಟ್ಟಿಲ್ಲದ ಕ, ಪೌಂಡ್ ಚಿಹ್ನೆಯ ಜಾಗದಲ್ಲಿ ತಲೆಕಟ್ಟಿಲ್ಲದ ನ, ತಲೆಯ ಮೇಲೆ ಓರೆಗೀಟಿರುವ ಎ ಅಕ್ಷರದ ಜಾಗದಲ್ಲಿ ತಲೆಕಟ್ಟು. ‘ಕನ್ನಡ’ ಎಂದು ಬರೆಯಲು ಇಂಥ ಏಳು ಚೂರುಗಳು ಬೇಕು. ಫಾಂಟು ಇದ್ದರೆ ಕಣ್ಣಿಗೆ ಕನ್ನಡ, ಫಾಂಟು ತೆಗೆದರೆ ಕಂಪ್ಯೂಟರಿಗೆ ಅದು ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ಸಾಲು. ಮೊಳೆ ಜೋಡಿಸಿದವನಿಗೆ ಈ ಪದ್ಧತಿ ಬಹಳ ಸಹಜವಾಗಿ ಕಾಣುತ್ತದೆ, ಏಕೆಂದರೆ ಸೀಸದಲ್ಲೂ ಒತ್ತು ಬೇರೆ ಮೊಳೆ, ಅರ್ಕಾವತ್ತು ಬೇರೆ ಮೊಳೆ, ಕಾಗದದ ಮೇಲೆ ಆಕಾರ ಸರಿಯಾಗಿ ಬಂದರೆ ಕೆಲಸ ಮುಗಿಯಿತು. ಜಗತ್ತಿನ ಲಿಪಿಗಳ ಪ್ರತಿ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯೂನಿಕೋಡಿನ ಕ್ರಮ ಬೇರೆ. ಅದರಲ್ಲಿ ‘ಕನ್ನಡ’ ಎಂದರೆ ಕ, ನ, ಅಕ್ಷರದ ಸ್ವರ ತೆಗೆಯುವ ವಿರಾಮ ಚಿಹ್ನೆ (್), ನ, ಡ ಎಂಬ ಐದು ಸಂಕೇತಗಳು. ಬಾಯಿಯಲ್ಲಿ ಯಾವ ಕ್ರಮದಲ್ಲಿ ನುಡಿಯುತ್ತೇವೆಯೋ ಅದೇ ಕ್ರಮದಲ್ಲಿ ಅವು ಕೂಡುತ್ತವೆ. ಆಕಾರ ಕಟ್ಟುವ ಹೊಣೆ ಫಾಂಟಿನದು ಮತ್ತು ಹಾರ್ಫ್‌ಬಝ್‌ನಂಥ ತಂತ್ರಾಂಶದ್ದು. ಕನ್ನಡದ ಸಂಕೇತಗಳು 1991ರ ಯೂನಿಕೋಡಿನ ಮೊದಲ ಆವೃತ್ತಿಯಿಂದಲೂ ಇದ್ದವು. ನನ್ನ ಅಂಗಡಿಗೆ ಬರಲು ಅವು ಇಪ್ಪತ್ತೇಳು ವರ್ಷ ತೆಗೆದುಕೊಂಡವು.

ಹೀಗೆ ಚೂರುಗಳ ಸಾಲನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಆಗಲೇ ಇದ್ದವು. ಅರವಿಂದ ಅವರೇ ಬರೆದು ಮೂಲ ಸಂಕೇತದೊಡನೆ, ಅಂದರೆ ತಂತ್ರಾಂಶವನ್ನು ಕಟ್ಟಿದ ಸಾಲುಗಳೊಡನೆ, ಬಹಿರಂಗವಾಗಿ ಇಟ್ಟಿದ್ದ ಒಂದನ್ನು ಅಣ್ಣನ ಮಗ ತೋರಿಸಿದ. ಪಠ್ಯವನ್ನು ಅದಕ್ಕೆ ಕೊಟ್ಟಾಗ ಬಹುಪಾಲು ಓದಬಲ್ಲ ಕನ್ನಡ ಬಂದೇಬಿಟ್ಟಿತು. ಉಳಿದ ದೋಷಗಳು ನನ್ನವೇ. ಸೀಸದ ಕಾಲದಲ್ಲಿ ಅನುಸ್ವಾರಕ್ಕೂ ಸೊನ್ನೆಗೂ ಒಂದೇ ಮೊಳೆ ಸಾಕಾಗುತ್ತಿತ್ತು. ಆ ಅಭ್ಯಾಸದಿಂದ ನಾನು ಎಷ್ಟೋ ಕಡೆ ‘ಹಂತಿ’ ಎಂಬಲ್ಲಿ ಸೊನ್ನೆಯನ್ನೂ, ‘ಕರ್ಮ’ ಎಂಬಲ್ಲಿ ಅರ್ಕಾವತ್ತಿನ ಬದಲು ಒಂಬತ್ತನ್ನೂ ಒತ್ತಿದ್ದೆ. ಮುದ್ರಿತ ಪುಟದಲ್ಲಿ ಯಾರಿಗೂ ವ್ಯತ್ಯಾಸ ಕಾಣದು. ಸಾಲಿನ ಕೊನೆಯಲ್ಲಿ ಪದ ಒಡೆಯಬೇಕಾದಾಗ ಕೈಯಿಂದಲೇ ಅಡ್ಡಗೆರೆ ಹಾಕಿದ್ದೆ. ಸಾಲುಗಳು ಈಗ ಬೇರೆಯಾದ್ದರಿಂದ ಆ ಗೆರೆಗಳು ಪದಗಳ ನಡುವೆ ಮುಳ್ಳಿನಂತೆ ಉಳಿದವು. ಅವನ್ನು ಒಂದೊಂದಾಗಿ ಹುಡುಕಿ ತಿದ್ದುತ್ತಾ 2019 ಕಳೆಯಿತು. ಅಂಗಡಿಯ ದಿನದ ಕೆಲಸದ ನಡುವೆ ದಿನಕ್ಕೆ ಎರಡು ಪುಟ ದಾಟುತ್ತಿರಲಿಲ್ಲ.

2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಆಗಿ ಅಂಗಡಿ ಮುಚ್ಚಿತು. ಮದುವೆ ಪತ್ರಿಕೆಯ ಕಾಲವೇ ಅದು, ಆ ವರ್ಷ ಒಂದೂ ಬರಲಿಲ್ಲ. ಅಣ್ಣನ ಮಗ ಹಾಸ್ಟೆಲಿನಿಂದ ಮನೆಗೆ ಬಂದಿದ್ದ. ನನ್ನ ತಪ್ಪುಗಳಿಗೂ ಒಂದು ಕ್ರಮ ಇದೆಯಲ್ಲ, ಕ್ರಮ ಇದ್ದ ಮೇಲೆ ಯಂತ್ರವೇ ಅವನ್ನು ಹಿಡಿಯಬಾರದೇಕೆ ಎಂದು ನಾನು ಅವನನ್ನು ಕೇಳಿದೆ. ಅವನು ತಾನು ಬರೆದುಕೊಡಲಿಲ್ಲ. ಕಂಪ್ಯೂಟರಿಗೆ ಸೂಚನೆ ಬರೆಯುವ ಪೈಥಾನ್ ಭಾಷೆಯ ಮೊದಲ ಪಾಠ ಹೇಳಿಕೊಟ್ಟು ಆ ಪರಿವರ್ತಕದ ಮೂಲವನ್ನು ನನ್ನ ಮುಂದೆ ತೆರೆದಿಟ್ಟ. ಅದಕ್ಕಾಗಿ ನಾನು ಅವನಿಗೆ ಇಂದಿಗೂ ಋಣಿ. ಐವತ್ತರ ಹತ್ತಿರದ ವಯಸ್ಸು, ಓದು ಎಸ್ಸೆಸ್ಸೆಲ್ಸಿ, ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೂ ಆ ಸಾಲುಗಳು ಹೇಳುತ್ತಿದ್ದುದು ನನಗೆ ಚೆನ್ನಾಗಿ ಗೊತ್ತಿದ್ದ ಅಕ್ಷರಗಳ ಸಂಗತಿಯನ್ನು, ಆದ್ದರಿಂದ ದಾರಿ ತಪ್ಪಿದಾಗಲೆಲ್ಲ ಅಕ್ಷರವೇ ಕೈ ಹಿಡಿಯಿತು.

ನನ್ನದೇ ಪರಿವರ್ತಕವೊಂದನ್ನು ಮೊದಲಿನಿಂದ ಬರೆದು ನೋಡಿದರೆ ಮಾತ್ರ ಪೂರ್ತಿ ತಿಳಿಯುತ್ತದೆ ಎನಿಸಿ ಹಾಗೆಯೇ ಮಾಡಿದೆ. ಮೊದಲ ದಿನದ ಫಲಿತಾಂಶದಲ್ಲಿ ‘ಮೇಟಿ’ ಎಂಬ ಪದದ ಆರಂಭದಲ್ಲಿ ಮೇ ಬದಲು ವೆ ಬಂದು, ಅದರ ಬೆನ್ನಿಗೆ ಒಂದು ಕೊಂಬೂ ಒಂದು ದೀರ್ಘವೂ ಅಂಟಿಕೊಂಡಿದ್ದವು. ಕಾರಣ ಹುಡುಕಲು ಒಂದು ಸಂಜೆ ಬೇಕಾಯಿತು. ಹಳೆಯ ಪದ್ಧತಿಯಲ್ಲಿ ಮ ಎಂಬ ಅಕ್ಷರಕ್ಕೆ ಸ್ವಂತ ಚೂರಿಲ್ಲ. ವ ಬರೆದು ಅದಕ್ಕೆ ಕೊಂಬು ಕೊಟ್ಟು ಮ ಮಾಡುತ್ತಾರೆ, ಕಣ್ಣಿಗೆ ಅದು ಸರಿಯಾಗಿಯೇ ಕಾಣುತ್ತದೆ. ಯ ಅಕ್ಷರವಂತೂ ನಾಲ್ಕು ಚೂರು, ಅದರಲ್ಲಿ ಮೊದಲನೆಯದು ಅನುಸ್ವಾರದ ಸೊನ್ನೆ. ನನ್ನ ಸೂಚನೆಗಳು ಚಿಕ್ಕ ತುಂಡುಗಳನ್ನು ಮೊದಲು ಹಿಡಿಯುತ್ತಿದ್ದುದರಿಂದ ಮ ಒಡೆದು ವ ಆಗುತ್ತಿತ್ತು, ಯ ಒಡೆದು ಅನುಸ್ವಾರವಾಗುತ್ತಿತ್ತು. ಉದ್ದನೆಯ ಸಾಲನ್ನು ಮೊದಲು ಹುಡುಕು, ಸಿಗದಿದ್ದರೆ ಚಿಕ್ಕದಕ್ಕೆ ಇಳಿ ಎಂದು ಬದಲಿಸಿದಾಗ ಆ ತೊಡಕು ಒಮ್ಮೆಲೇ ಬಿಟ್ಟಿತು. ಅರವಿಂದ ಅವರ ಸಂಕೇತದಲ್ಲಿ ಅದೇ ಉಪಾಯ ಇದ್ದುದನ್ನು ನಾನು ಓದಿದ್ದೆ, ಆದರೆ ನಾನೇ ಎಡವುವವರೆಗೆ ಅದು ಅಲ್ಲಿ ಏಕಿದೆ ಎಂದು ತಿಳಿದಿರಲಿಲ್ಲ. ಒತ್ತಕ್ಷರದ್ದು ಇನ್ನೊಂದು ಬಗೆ. ‘ಅಕ್ಕಿ’ ಎಂಬಲ್ಲಿ ಹಳೆಯ ಪದ್ಧತಿ ಕಿ ಬರೆದು ಆಮೇಲೆ ಕ ಒತ್ತು ಇಡುತ್ತದೆ, ಯೂನಿಕೋಡಿನಲ್ಲಿ ಒತ್ತು ಮುಗಿದ ಮೇಲೆ ಗುಡಿಸು ಬರಬೇಕು. ಅರ್ಕಾವತ್ತು ಹಳೆಯದರಲ್ಲಿ ಅಕ್ಷರದ ಬಲಕ್ಕೆ ಕೊನೆಯಲ್ಲಿ ಬರುತ್ತದೆ, ಹೊಸದರಲ್ಲಿ ಉಚ್ಚಾರದಂತೆ ರ ಮೊದಲು ಬರಬೇಕು. ಎಂದರೆ ಹಿಂದಕ್ಕೆ ನಡೆದು ಇಡೀ ಗುಣಿತಾಕ್ಷರ ಎಲ್ಲಿ ಶುರುವಾಗುತ್ತದೆ ಎಂದು ನೋಡಿ ಅಲ್ಲಿ ರ ಕೂರಿಸಬೇಕು. ಮಾಸ್ತರರು ಉದಾಹರಣೆಗೆ ಕೊಟ್ಟ ಮಾತುಗಳಲ್ಲಿ ‘ಕೇರ‍್ಯಾಗ’ ಎಂಬಂಥವು ಇದ್ದವು. ಅಲ್ಲಿ ಅರ್ಕಾವತ್ತು ಬಾರದೆ ರ ಪೂರ್ತಿ ನಿಂತು ಯ ಒತ್ತಾಗಬೇಕು. ರ ಆದ ಮೇಲೆ ವಿರಾಮಕ್ಕೆ ಮುಂಚೆ ಕಣ್ಣಿಗೆ ಕಾಣದ ಒಂದು ಜೋಡಕ ಚಿಹ್ನೆಯನ್ನು ಇಡಬೇಕೆಂದು ತಿಳಿದ ದಿನ ನನಗಾದ ಸಂತೋಷ, ಮೊದಲ ಬಾರಿ ಒಂದು ಪುಟವನ್ನು ತಪ್ಪಿಲ್ಲದೆ ಮೊಳೆಯಲ್ಲಿ ಜೋಡಿಸಿದ ದಿನದ ಸಂತೋಷಕ್ಕೆ ಸಮ.

ಸೊನ್ನೆಯ ತಪ್ಪನ್ನು ಹಿಡಿಯಲು ಎರಡು ಸಾಲು ಸಾಕಾದವು. ಕನ್ನಡ ಅಕ್ಷರದ ಬೆನ್ನಿಗೇ ಸೊನ್ನೆ ಬಂದರೆ ಅದು ಅನುಸ್ವಾರ, ಅಂಕಿಯ ಬೆನ್ನಿಗೆ ಬಂದರೆ ಸೊನ್ನೆ. ಒಂದು ವರ್ಷ ಕಣ್ಣಿಟ್ಟು ಹುಡುಕಿಯೂ ನನ್ನಿಂದ ತಪ್ಪಿಸಿಕೊಂಡಿದ್ದವುಗಳನ್ನೆಲ್ಲ ಅದು ಕ್ಷಣದಲ್ಲಿ ಎತ್ತಿ ತೋರಿಸಿತು.

ನನ್ನ ವೃತ್ತಿಬಾಂಧವರು ಇದನ್ನೆಲ್ಲ ನೋಡಿ ಸಾಮಾನ್ಯವಾಗಿ ಹೇಳುವ ಮಾತು, ಪುಕ್ಕಟೆ ಸಿಗುತ್ತದೆಂದು ಇದಕ್ಕೆ ಬಿದ್ದಿದ್ದೀರಿ ಎಂಬುದು. ಪುಕ್ಕಟೆ ಎಂಬುದೇ ಕಾರಣವಾಗಿದ್ದರೆ ನಾನು ಇಲ್ಲಿಗೆ ಬರಬೇಕಿರಲಿಲ್ಲ, ಕದ್ದ ಪ್ರತಿಯೂ ಪುಕ್ಕಟೆಯೇ ಆಗಿತ್ತು. ಸ್ವತಂತ್ರ ತಂತ್ರಾಂಶದ ಚಳವಳಿ ಹುಟ್ಟುಹಾಕಿದ ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಗ್ನೂ ಯೋಜನೆಯನ್ನು ಘೋಷಿಸಿ ಮುಂದೆ ವಿವರಿಸಿದ, ತಂತ್ರಾಂಶ ಬಳಸುವವನಿಗೆ ಇರಬೇಕಾದ ಸ್ವಾತಂತ್ರ್ಯಗಳು ನಾಲ್ಕು: ಬೇಕಾದ ಉದ್ದೇಶಕ್ಕೆ ನಡೆಸುವುದು, ಒಳಗೆ ಹೇಗೆ ಕೆಲಸ ಮಾಡುತ್ತದೆಂದು ಓದಿ ಬದಲಿಸುವುದು, ಪ್ರತಿ ಹಂಚುವುದು, ತಾನು ತಿದ್ದಿದ್ದನ್ನು ಇತರರಿಗೆ ಕೊಡುವುದು. ಇವುಗಳಲ್ಲಿ ಮೊದಲನೆಯದು ಮತ್ತು ಮೂರನೆಯದು ನನಗೆ ಒಂದೇ ದಿನದಲ್ಲಿ ಸಿಕ್ಕವು. ಎರಡನೆಯದನ್ನು ಪರವಾನಗಿ ಪತ್ರ ಕೊಟ್ಟಿದ್ದರೂ ನಾನು ಕೈಗೆ ತೆಗೆದುಕೊಳ್ಳಲು ಒಂದೂವರೆ ವರ್ಷ ಬೇಕಾಯಿತು, ಏಕೆಂದರೆ ಓದಲು ಬರದವನಿಗೆ ತೆರೆದ ಪುಸ್ತಕವೂ ಮುಚ್ಚಿದ್ದೇ. ಸ್ವತಂತ್ರ ತಂತ್ರಾಂಶದ ಪರವಾಗಿ ಮಾತನಾಡುವ ನಮ್ಮ ತರುಣರು ಈ ಅಂತರವನ್ನು ಅಷ್ಟಾಗಿ ಗಮನಿಸುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ತಂತ್ರಾಂಶ ಹಂಚುವ ಉತ್ಸಾಹದಷ್ಟೇ ಅದನ್ನು ಬಿಚ್ಚಿ ತೋರಿಸುವ ತಾಳ್ಮೆಯೂ ಬೇಕು, ಮತ್ತು ಅದು ಕನ್ನಡದಲ್ಲಿ ಆಗಬೇಕು. ಕನ್ನಡಕ್ಕೆ ಸರಿಯಾದ ತಂತ್ರಾಂಶ ಬೇಕೆಂದು ಪೂರ್ಣಚಂದ್ರ ತೇಜಸ್ವಿಯವರು ತಮ್ಮ ಕೊನೆಯ ವರ್ಷಗಳಲ್ಲಿ ಪಟ್ಟ ಕಳಕಳಿಯನ್ನು ಪತ್ರಿಕೆಗಳಲ್ಲಿ ಓದಿದ್ದೆ. ಆಗ ಅದು ನನ್ನ ಹೊಟ್ಟೆಪಾಡಿಗೆ ಸಂಬಂಧಿಸಿದ್ದು ಎಂದು ನನಗೆ ಹೊಳೆದಿರಲಿಲ್ಲ.

ಕಷ್ಟಗಳನ್ನು ಮುಚ್ಚಿಡುವುದು ತಪ್ಪಾಗುತ್ತದೆ. ಹೊಸ ವ್ಯವಸ್ಥೆಯಲ್ಲಿ ನಾನು ಮಾಡಿದ ಮೊದಲ ಮುದ್ರಣದ ಕೆಲಸ ಕೆಟ್ಟಿತು. ಗೃಹಪ್ರವೇಶದ ಪತ್ರಿಕೆಯೊಂದನ್ನು ಲಿಬ್ರೆಆಫೀಸಿನಲ್ಲೇ ಮಾಡಿ ಪಿಡಿಎಫ್ ಕೊಟ್ಟೆ. ಪರದೆಗೆ ಬೇಕಾದ ಬಣ್ಣದ ಲೆಕ್ಕದಲ್ಲಿ ಅದರ ಕಪ್ಪು ಇದ್ದುದರಿಂದ, ಪ್ಲೇಟು ತೆಗೆಯುವಾಗ ಕಪ್ಪು ಅಕ್ಷರಗಳು ನಾಲ್ಕೂ ಬಣ್ಣಗಳ ಪ್ಲೇಟುಗಳಿಗೆ ಹಂಚಿಹೋದವು. ಮುದ್ರಣದಲ್ಲಿ ಕೂದಲೆಳೆಯಷ್ಟು ಜರುಗಿದರೂ ಸಣ್ಣ ಅಕ್ಷರದ ಸುತ್ತ ಕೆಂಪು, ನೀಲಿ ಅಂಚು ಕಾಣುತ್ತದೆ, ಹಾಗೆಯೇ ಕಂಡಿತು. ಐದುನೂರು ಪತ್ರಿಕೆಗಳನ್ನು ನನ್ನ ಖರ್ಚಿನಲ್ಲಿ ಮತ್ತೆ ಮುದ್ರಿಸಿಕೊಟ್ಟೆ. ಕಪ್ಪನ್ನು ಕಪ್ಪಾಗಿಯೇ ಇಟ್ಟು ಮುದ್ರಣಕ್ಕೆ ತಕ್ಕ ಪಿಡಿಎಫ್ ಕೊಡುವ ಸ್ಕ್ರೈಬಸ್ ಎಂಬ ಸ್ವತಂತ್ರ ಪುಟವಿನ್ಯಾಸದ ತಂತ್ರಾಂಶವನ್ನು ಕಲಿಯದೆ ಗತಿಯಿಲ್ಲ ಎಂಬುದು ಅಂದು ನಿಶ್ಚಯವಾಯಿತು. ಸ್ಕ್ರೈಬಸ್ ಬಹಳ ಕಾಲ ಕನ್ನಡದಂಥ ಲಿಪಿಗಳನ್ನು ಒಡೆದೇ ತೋರಿಸುತ್ತಿತ್ತು, 2017ರ 1.5.3 ಆವೃತ್ತಿಯಲ್ಲಿ ಹಾರ್ಫ್‌ಬಝ್ ಸೇರಿದ ಮೇಲೆ ಒತ್ತಕ್ಷರಗಳು ಸರಿಯಾಗಿ ಕೂಡತೊಡಗಿದವು. ನಾನು ಬಳಸಿದ್ದು ಇನ್ನೂ ಪ್ರಯೋಗದಲ್ಲಿದ್ದ ಆ 1.5 ಸರಣಿಯನ್ನೇ, ಆದ್ದರಿಂದ ಅದು ಆಗಾಗ ಕೈಕೊಟ್ಟಿತು, ಹತ್ತು ನಿಮಿಷಕ್ಕೊಮ್ಮೆ ಕಡತ ಉಳಿಸುವುದು ಅಭ್ಯಾಸವಾಯಿತು. ಅದರ ಸ್ಥಿರ ರೂಪವಾದ 1.6 ಬಂದದ್ದು 2024ರ ಜನವರಿಯಲ್ಲಿ.

ಪುಟ ಕಟ್ಟುವಲ್ಲಿ ನನ್ನ ಹಳೆಯ ವಿದ್ಯೆ ಮತ್ತೆ ಉಪಯೋಗಕ್ಕೆ ಬಂತು. ಕನ್ನಡದ ಪದಗಳು ಉದ್ದ. ಕಿರಿದಾದ ಎರಡು ಕಾಲಮ್ಮಿನಲ್ಲಿ ಎರಡೂ ಅಂಚು ಸರಿಹೊಂದಿಸಿದರೆ ಪದಗಳ ನಡುವೆ ಹಳ್ಳ ಹರಿದಂತೆ ಬಿಳಿ ಕಾಣುತ್ತದೆ. ಮೊಳೆಯ ಕಾಲದಲ್ಲಿ ಎಲ್ಲಿ ಒಡೆಯಬೇಕೆಂದು ಕಣ್ಣೇ ಹೇಳುತ್ತಿತ್ತು, ಒತ್ತಕ್ಷರವನ್ನು ಅದರ ಮೂಲಾಕ್ಷರದಿಂದ ಎಂದೂ ಬೇರೆ ಮಾಡುತ್ತಿರಲಿಲ್ಲ. ಅದೇ ನಿಯಮವನ್ನು ಯಂತ್ರಕ್ಕೆ ತಿಳಿಯುವಂತೆ ಬರೆದಿಟ್ಟ ಪದವಿಭಜನೆಯ ಮಾದರಿಗಳು ಕನ್ನಡಕ್ಕೂ ಇವೆ, ಅವನ್ನು ಸಿದ್ಧಪಡಿಸಿದವರು ಸಂತೋಷ್ ತೋಟ್ಟಿಂಗಲ್ ಎಂಬ ಮಲಯಾಳಿ. ಯಂತ್ರ ಸೂಚಿಸಿದ ಒಡೆತಗಳನ್ನು ಪ್ರತಿ ಪುಟದಲ್ಲೂ ನೋಡಿ, ಅರ್ಥ ಕೆಡುವಲ್ಲಿ ಮಾತ್ರ ಬದಲಿಸಿದೆ. ತಂತ್ರಾಂಶ ಯಾವುದೇ ಇರಲಿ, ಪುಟವನ್ನು ತೋಳಿನಷ್ಟು ದೂರ ಹಿಡಿದು ಅದರ ಬಿಳಿಯನ್ನು ನೋಡುವ ಕಣ್ಣು ಅದರ ಜೊತೆ ಬರುವುದಿಲ್ಲ. ಅದನ್ನು ನಾನು ಸೀಸದ ಜೊತೆ ಕಲಿತಿದ್ದೆ.

ಕೊನೆಗೆ ಅಕಾರಾದಿ. 2003ರಲ್ಲಿ ಮಾಸ್ತರರು ರಟ್ಟಿನ ಚೀಟಿಗಳನ್ನು ನೆಲದ ಮೇಲೆ ಹರಡಿಕೊಂಡು ಕೈಯಿಂದಲೇ ಪದಗಳನ್ನು ಹೊಂದಿಸಿದ್ದರು, ಏಕೆಂದರೆ ಆಗಿನ ನನ್ನ ಕಂಪ್ಯೂಟರಿಗೆ ಅವು ಕನ್ನಡವೇ ಆಗಿರಲಿಲ್ಲ. ಈಗ ಹಳೆಯದು ಮತ್ತು ಹೊಸದು ಸೇರಿದ ಇಡೀ ಪಟ್ಟಿಯನ್ನು ಪೈಥಾನಿಗೆ ಕೊಟ್ಟು ಹೊಂದಿಸು ಎಂದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಆಯಿತು. ಕರಡನ್ನು ಹೆಮ್ಮೆಯಿಂದ ಮಾಸ್ತರರ ಮನೆಗೆ ಒಯ್ದೆ. ಅವರು ಕನ್ನಡಕ ಏರಿಸಿಕೊಂಡು ಕಕಾರದ ಪುಟ ತೆಗೆದು, ಬೆರಳಿಟ್ಟು ಓದುತ್ತಾ ಬಂದು, ಒಂದು ಕಡೆ ನಿಂತರು. ‘ಕಳೆ’ ಎಂಬ ಪದ ‘ಕವಣೆ’ ಎಂಬ ಪದಕ್ಕಿಂತ ಮೊದಲು ಬಂದಿತ್ತು. ಳಕಾರ ಹಕಾರದ ಆಚೆ ಅಲ್ಲವೇ ಎಂದು ಕೇಳಿದರು. ಒಂದನೆಯ ತರಗತಿಯ ಮಕ್ಕಳಿಗೂ ತಿಳಿದಿರುವ ಸಂಗತಿ ಅದು. ಆದರೆ ಯೂನಿಕೋಡಿನ ಕೋಷ್ಟಕದಲ್ಲಿ ಭಾರತೀಯ ಲಿಪಿಗಳಿಗೆಲ್ಲ ಸಾಮಾನ್ಯವಾದ ಒಂದು ಕ್ರಮ ಹಿಡಿದಿರುವುದರಿಂದ ಳ ಲಕಾರದ ಪಕ್ಕದಲ್ಲಿದೆ, ವ ಅದರ ಆಮೇಲೆ ಬರುತ್ತದೆ. ಸಂಕೇತಗಳ ಅಂಕಿಯನ್ನಷ್ಟೇ ನೋಡಿ ಹೊಂದಿಸುವ ಯಂತ್ರ ಅದಕ್ಕೆ ತಿಳಿದಂತೆ ಸರಿಯಾಗಿಯೇ ಮಾಡಿತ್ತು. ಬೇರೆ ತಂತ್ರಾಂಶದ ಕಾಲದಲ್ಲಾಗಿದ್ದರೆ ಕಂಪ್ಯೂಟರಿನಲ್ಲಿ ಹಾಗೆಯೇ ಬರುತ್ತದೆ ಸರ್ ಎಂದು ನಾನು ಹೇಳಿಬಿಡುತ್ತಿದ್ದೆ. ಎಷ್ಟೋ ಲೇಖಕರಿಗೆ ಎಷ್ಟೋ ವಿಷಯದಲ್ಲಿ ಹಾಗೆ ಹೇಳಿದ್ದೇನೆ, ಅವರು ಪಾಪ ನಂಬಿದ್ದಾರೆ. ಈ ಸಲ ಮನೆಗೆ ಬಂದು, ವರ್ಣಮಾಲೆಯ ಪ್ರತಿ ಅಕ್ಷರಕ್ಕೂ ನಾನೇ ಒಂದು ಸ್ಥಾನಸಂಖ್ಯೆ ಕೊಟ್ಟು, ಳಕಾರವನ್ನು ಹಕಾರದ ಆಚೆ ಕೂರಿಸಿ, ಅನುಸ್ವಾರದ ಪದಗಳನ್ನು ಮಾಸ್ತರರು ಬಯಸಿದ ಜಾಗಕ್ಕೆ ತಂದು, ಮತ್ತೆ ಹೊಂದಿಸಿದೆ. ಕವಣೆ, ಕಸ, ಆಮೇಲೆ ಕಳೆ.

ಎಲ್ಲವನ್ನೂ ಬಿಟ್ಟು ಪೂರ್ತಿ ಈ ಕಡೆಗೆ ಬಂದಿದ್ದೇನೆ ಎಂದರೆ ಸುಳ್ಳಾಗುತ್ತದೆ. ಹಳೆಯ ಫಾಂಟಿನಲ್ಲೇ ಕಡತ ಬೇಕೆನ್ನುವ ಗಿರಾಕಿಗಳು ಇಂದಿಗೂ ಇದ್ದಾರೆ. ಅವರಿಗಾಗಿ ಒಂದು ಕಂಪ್ಯೂಟರನ್ನು ಹಣ ಕೊಟ್ಟು ಕೊಂಡ ವಿಂಡೋಸ್ ಸಮೇತ ಇಟ್ಟಿದ್ದೇನೆ. ಕದ್ದದ್ದು ಮಾತ್ರ ಅಂಗಡಿಯಲ್ಲಿ ಈಗ ಒಂದೂ ಇಲ್ಲ. ನನ್ನ ಫೋನಿನ ಒಳಗೆ ಏನು ನಡೆಯುತ್ತದೆಂದು ನನಗೆ ತಿಳಿಯದು, ಹಣ ಪಾವತಿಯ ಆ್ಯಪ್ ಇಲ್ಲದೆ ವ್ಯಾಪಾರ ನಡೆಯದು. ಚಿತ್ರಗಳ ಕೆಲಸದಲ್ಲಿ ಗಿಂಪ್ ನನ್ನ ಕೈಗೆ ಇನ್ನೂ ಪೂರ್ತಿ ಒಗ್ಗಿಲ್ಲ. ತಿಂಗಳ ಕೊನೆಗೆ ಬಾಡಿಗೆ ಕಟ್ಟಬೇಕಾದ, ಕಲಿಯಲು ಬಿಡುವಿಲ್ಲದ ಜೋಡಣೆಗಾರನಿಗೆ ನಾಳೆಯೇ ಎಲ್ಲ ಬದಲಿಸು ಎಂದು ನಾನು ಹೇಳುವುದಿಲ್ಲ. ನನಗೂ ಬಿಡುವು ಸಿಕ್ಕಿದ್ದು ಊರೇ ಮುಚ್ಚಿದಾಗ. ಆದರೆ ಪಠ್ಯವನ್ನು ಮಾತ್ರ ಯೂನಿಕೋಡಿನಲ್ಲಿ, ಯಾವ ಸಾಧನದಿಂದಲೂ ತೆರೆಯಬಲ್ಲ ಸಾದಾ ಕಡತವಾಗಿ ಒಂದು ಪ್ರತಿ ಉಳಿಸಿಡಿ ಎಂದು ಕಂಡವರಿಗೆಲ್ಲ ಕೈಮುಗಿದು ಹೇಳುತ್ತೇನೆ. ಆ ಪಠ್ಯ ನಮ್ಮದಲ್ಲ, ಬರೆದವರದು. 2003ರಲ್ಲಿ ನಾನು ಮಾಸ್ತರರಿಗೆ ಮುದ್ರಿತ ಪ್ರತಿಗಳನ್ನಷ್ಟೇ ಕೊಟ್ಟು ಕಡತವನ್ನು ನನ್ನಲ್ಲೇ ಇಟ್ಟುಕೊಂಡಿದ್ದೆ. ಎರಡನೆಯ ಆವೃತ್ತಿಗೂ ಅವರು ನನ್ನ ಬಳಿಗೇ ಬರಲಿ ಎಂಬ ಲೆಕ್ಕ ಅದರ ಹಿಂದೆ ಇತ್ತು, ನಮ್ಮ ಧಂಧೆಯಲ್ಲಿ ಎಲ್ಲರೂ ಮಾಡುವ ಲೆಕ್ಕ. ನನ್ನನ್ನು ಕಟ್ಟಿಹಾಕಿದ ಬೀಗವನ್ನೇ ನಾನು ಅವರಿಗೂ ಹಾಕಿದ್ದೆ.

ಎರಡನೆಯ ಆವೃತ್ತಿ 2021ರ ಸಂಕ್ರಾಂತಿಯ ಹೊತ್ತಿಗೆ ಹೊರಬಂತು. ಪುಸ್ತಕದ ಕಟ್ಟುಗಳ ಜೊತೆ ಒಂದು ಪೆನ್‌ಡ್ರೈವನ್ನೂ ಮಾಸ್ತರರ ಕೈಗಿಟ್ಟೆ. ಅದರಲ್ಲಿ ಪೂರ್ತಿ ಪಠ್ಯ, ಪುಟ ಕಟ್ಟಿದ ಕಡತ, ಬಳಸಿದ ಫಾಂಟುಗಳು, ಅಕಾರಾದಿಗೆ ಬರೆದ ಪೈಥಾನ್ ಸೂಚನೆಗಳು ಎಲ್ಲವೂ ಇದ್ದವು. ಅವರು ಅದನ್ನು ದೇವರ ಮನೆಯ ಗೂಡಿನಲ್ಲಿ ಇಟ್ಟರು. ಮುಂದಿನ ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಊರಿಗೆ ಬಂದಿದ್ದ ಅವರ ಮೊಮ್ಮಗಳು ಅದನ್ನು ತನ್ನ ಲ್ಯಾಪ್‌ಟಾಪಿನಲ್ಲಿ ತೆರೆದು, ಅಜ್ಜ ಹೊಲದಲ್ಲಿ ಹೇಳಿದ ಹನ್ನೊಂದು ಪದಗಳನ್ನು ಸೇರಿಸಿ, ನನ್ನ ಕಣ್ಣು ತಪ್ಪಿದ್ದ ನಾಲ್ಕು ದೋಷಗಳನ್ನು ತಿದ್ದಿ, ಕಡತವನ್ನು ನನಗೆ ಕಳಿಸಿದಳು. ಹೊಂದಿಸಿ ನೋಡಿದೆ, ಹನ್ನೊಂದೂ ತಮ್ಮ ತಮ್ಮ ಜಾಗದಲ್ಲಿ ಕೂತವು.